ಉಪ್ಪು ನೋಡುವ ನೆಪ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಡೆದದ್ದು ಒಂದು ಕೋಳಿತುಂಡಿನ ವಿಷಯ. ಅದರಲ್ಲಿ ಹೇಳುವಂಥದ್ದು ಏನಿದೆ ಎಂದು ನೀವು ಕೇಳಬಹುದು. ಇನ್ನೊಬ್ಬರ ಮನಸ್ಸಿನೊಳಕ್ಕೆ ಚಪ್ಪಲಿ ಹಾಕಿಕೊಂಡೇ ನುಗ್ಗಿದ ಹಾಗೂ ಆಗುತ್ತದೆ. ಆದರೆ ಮಿದೇವಾ ಟೀಚರ ಸುದ್ದಿ ನಮ್ಮ ಗುಡ್ಡದ ಮೇಲೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ತರ ತಿರುಗುತ್ತಿದೆ. ನನಗೆ ತಿಳಿದಷ್ಟನ್ನು ತಿಳಿದ ಹಾಗೆ ಹೇಳುತ್ತೇನೆ. ಹೆಚ್ಚುಕಡಿಮೆಯಾದರೆ ತಪ್ಪು ನನ್ನದು, ಅವರದಲ್ಲ.

ಚಪ್ಪಾಳೆ ಬಿದ್ದಾಗ ಮಿದೇವಾ ತನ್ನ ಎಡಗಾಲಿನ ಬೂಟಿನ ಮೇಲೆ ಹತ್ತುತ್ತಿದ್ದ ಒಂದು ಇರುವೆಯನ್ನು ನೋಡುತ್ತಿದ್ದಳು. ಅದು ಬೂಟಿನ ದಾರದ ಗಂಟಿನವರೆಗೆ ಬಂದು, ದಾರಿ ತಪ್ಪಿ, ಗಂಟನ್ನೇ ಸುತ್ತುತ್ತಿತ್ತು. ಎದುರಿಗೆ ಶಾಲೆಯ ಕೆಂಪು ಮಣ್ಣಿನ ಅಂಗಳದಲ್ಲಿ ನಾನೂರು ಹುಡುಗಿಯರು ಸಾಲಾಗಿ ನಿಂತಿದ್ದರು. ಅವರ ಹಿಂದೆ ಮನೆಯಷ್ಟು ದೊಡ್ಡ ಬಂಡೆಗಳು. ಮುಖ್ಯೋಪಾಧ್ಯಾಯಿನಿ ಅಲಿವಿಜಾ ಮೈಕು ಹಿಡಿದು ಹೇಳುತ್ತಿದ್ದರು: "ನಿನ್ನೆ ನಮ್ಮ ಶಾಲೆಗೆ ಅವಮಾನ ಆಯ್ತು. ಮಾಡಿದ್ದು ಯಾರು ಅಂತ ನಿಮಗೆಲ್ಲ ಗೊತ್ತು. ಆದ್ರೆ ಆ ಹುಡುಗಿ ಉಳೀಲಿ ಅಂತ, ಅವಳ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಳ್ಳೋಕೆ ಒಬ್ಬ ಟೀಚರ್ ನನ್ನ ಕೋಣೆಗೆ ಬಂದ್ರು. 'ನಾನೇ ತಿಂದೆ' ಅಂದ್ರು. ಮಕ್ಕಳೇ, ನಡತೆ ಅಂತ ಬೋರ್ಡಿನ ಮೇಲೆ ಯಾರು ಬೇಕಾದ್ರೂ ಬರೀಬಹುದು. ಇದು ನಡತೆ. ಮಿದೇವಾ ಮೇಡಂಗೆ ಹೂವಿನ ಚಪ್ಪಾಳೆ ಕೊಡಿ." ಹುಡುಗಿಯರು ಅಂಗೈ ಉಜ್ಜಿ ಬಿಸಿ ಮಾಡಿಕೊಂಡರು, ಮೂರು ಸಲ ತಟ್ಟಿದರು, ಕೊನೆಗೆ ಎರಡು ಕೈಗಳನ್ನೂ ಬಿಡಿಸಿ ಹೂವೆರಚಿದಂತೆ ಅವಳತ್ತ ಎಸೆದರು. ಯಾರ ಕೈಯಲ್ಲೂ ಏನೂ ಇರಲಿಲ್ಲ. ಆದರೂ ಮಿದೇವಾ ಕಣ್ಣು ಮುಚ್ಚಿಕೊಂಡಳು, ಕಲ್ಲು ಬಂದು ಬೀಳುತ್ತದೆ ಎನ್ನುವವಳ ಹಾಗೆ. ಕಣ್ಣು ತೆರೆದಾಗ ಧ್ವಜದ ಕಂಬದ ಕೆಳಗೆ, ಸಾಲಿನಿಂದ ಬೇರೆಯಾಗಿ, ತನ್ನ ತಗಡಿನ ಪೆಟ್ಟಿಗೆಯ ಪಕ್ಕ ನಿಂತಿದ್ದ ಕವೇಜಾ ಕಂಡಳು. ಮನೆಗೆ ಕಳಿಸಲ್ಪಡುತ್ತಿದ್ದ ಹುಡುಗಿ ಅವಳೇ. ಅವಳ ಕೈಗಳೂ ಬಿಡಿಸಿಕೊಂಡಿದ್ದವು. ಅವಳೂ ಹೂವು ಎಸೆದಿದ್ದಳು.

ನಾಲಿಗೆ ಹಿಂದಿನ ದವಡೆಯ ಹತ್ತಿರ ಹೋಯಿತು. ಅಲ್ಲಿ ನಿನ್ನೆಯಿಂದ ಒಂದು ಮರಳಿನ ಕಣ ಸಿಕ್ಕಿಕೊಂಡಿತ್ತು. ಎರಡು ಸಲ ಬಾಯಿ ಮುಕ್ಕಳಿಸಿದ್ದಳು, ಕಡ್ಡಿಯಿಂದ ಕೆದಕಿದ್ದಳು. ಇರಲಿಲ್ಲವೇನೋ, ಇದ್ದ ಹಾಗೆ ಅನಿಸುತ್ತಿತ್ತೇನೋ. ಕೋಳಿಯ ಹೊಟ್ಟೆಯಲ್ಲಿ ಕಾಳು ಅರೆಯುವ ಒಂದು ಗಟ್ಟಿ ಚೀಲ ಇರುತ್ತದೆ. ಕೋಳಿಗೆ ಹಲ್ಲಿಲ್ಲ, ಅದಕ್ಕೇ ಮರಳು, ಸಣ್ಣ ಕಲ್ಲು ನುಂಗಿ ಆ ಚೀಲದಲ್ಲಿ ಇಟ್ಟುಕೊಂಡಿರುತ್ತದೆ. ಚೀಲವನ್ನು ಸೀಳಿ, ಕಲ್ಲು ತೆಗೆದು, ಒಳಗಿನ ಹಳದಿ ಸಿಪ್ಪೆ ಸುಲಿದು ಬೇಯಿಸಬೇಕು. ಇಮೊಂಡೊ ಎನ್ನುತ್ತಾರೆ. ಒಂದು ಕೋಳಿಗೆ ಒಂದೇ. ಅದು ಮನೆಯ ಯಜಮಾನನದು, ಇಲ್ಲವೆ ಬಂದ ಗಂಡಸು ಅತಿಥಿಯದು; ಹೆಂಗಸರು ಮುಟ್ಟುವುದಿಲ್ಲ. ಇಮೊಂಡೊ ಇಲ್ಲದ ಕೋಳಿಯನ್ನು ಬಡಿಸಿದರೆ ಕೋಳಿಯನ್ನೇ ಬಡಿಸಿದಂತಲ್ಲ. ಬೇರೆ ಯಾರೋ ತಿಂದು ಬಿಟ್ಟದ್ದನ್ನು ಮುಂದಿಟ್ಟ ಹಾಗೆ.

ಹತ್ತು ವರ್ಷದಿಂದ, ಬುಧವಾರದ ಕೊನೆಯ ತರಗತಿಯಲ್ಲಿ ಮಿದೇವಾ ಹೇಳುತ್ತಿದ್ದದ್ದು ಇದನ್ನೇ. ನಡತೆ ಪಾಠಕ್ಕೆ ಪರೀಕ್ಷೆ ಇಲ್ಲ; ಹಾಗಾಗಿ ಡಿಗ್ರಿ ಇರುವ ಮೇಷ್ಟ್ರುಗಳು ಅದನ್ನು ಅವಳಿಗೆ ಬಿಟ್ಟಿದ್ದರು. ಅವಳು ಇದೇ ಶಾಲೆಯ ಹಾಸ್ಟೆಲಿನಲ್ಲಿ ಹುಡುಗಿಯರ ಹಾಸಿಗೆ ಎಣಿಸುತ್ತಿದ್ದವಳು. ನಾಲ್ಕು ವರ್ಷ ಸಂಜೆ ಕಾಲೇಜಿಗೆ ಹೋಗಿ ಸರ್ಟಿಫಿಕೇಟು ತಂದಿದ್ದಳು. ಈಗಲೂ ಸ್ಟಾಫ್ ರೂಮಿನಲ್ಲಿ ಯಾರಾದರೂ ದೊಡ್ಡ ಪದ ಆಡಿದರೆ ಅದನ್ನು ಅಂಗೈ ಮೇಲೆ ಬರೆದುಕೊಂಡು ಮನೆಗೆ ಹೋಗಿ ನೋಡುವವಳು. ಪುಸ್ತಕದಲ್ಲಿದ್ದ ಪಾಠಗಳನ್ನು ಓದಿ ಹೇಳಲು ಅವಳಿಗೆ ಧೈರ್ಯ ಸಾಲುತ್ತಿರಲಿಲ್ಲ; ತನಗೆ ಗೊತ್ತಿದ್ದನ್ನು ಮಾತ್ರ ಹೇಳುತ್ತಿದ್ದಳು. "ಅಡುಗೆಮನೆಯಿಂದ ಅಪ್ಪನ ಮುಂದಿನ ಮೇಜಿಗೆ ಎಷ್ಟು ಹೆಜ್ಜೆ?" "ಹತ್ತು ಮೇಡಂ." "ಆ ಹತ್ತು ಹೆಜ್ಜೆ ನಿಮ್ಮನ್ನ ಯಾರೂ ನೋಡ್ತಿರಲ್ಲ. ಬಟ್ಟಲು ನಿಮ್ಮ ಕೈಲಿದೆ, ಇಮೊಂಡೊ ಮೇಲೇ ಇದೆ, ನಿಮಗೆ ಹಸಿವಿದೆ. ಆ ಹತ್ತು ಹೆಜ್ಜೆ ಇದೆಯಲ್ಲ, ಅದೇ ನಿಮ್ಮ ನಡತೆ. ಉಳಿದದ್ದೆಲ್ಲ ಯೂನಿಫಾರಂ." ಹುಡುಗಿಯರಿಗೆ ಇದು ಬಾಯಿಪಾಠ. ಹಾಸ್ಟೆಲಿನಲ್ಲಿ ಸೋಪಿನ ಡಬ್ಬಿ ಎರಡೂ ಕೈಲಿ ಹಿಡಿದು, ಹತ್ತು ಹೆಜ್ಜೆ ನಡೆದು ಅವಳ ಧ್ವನಿಯನ್ನು ಅಣಕಿಸುತ್ತಾರೆ ಎಂಬುದೂ ಅವಳಿಗೆ ಗೊತ್ತಿತ್ತು. ಅದರಿಂದ ಅವಳಿಗೆ ಒಳಗೊಳಗೇ ಸಂತೋಷವಾಗುತ್ತಿತ್ತು.

ಒಮ್ಮೆ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಿದ್ದಳು. "ಮೇಡಂ, ಅಪ್ಪ ಊರಲ್ಲಿ ಇಲ್ದಿದ್ರೆ?" "ಅಣ್ಣನಿಗೆ ಕೊಡಬೇಕು." "ಅಣ್ಣನೂ ಇಲ್ದಿದ್ರೆ?" "ಪಕ್ಕದ ಮನೆ ಹಿರಿಯರಿಗೆ." "ಅವರೂ ಇಲ್ದಿದ್ರೆ ಕೋಳಿಗೇ ವಾಪಸ್ ಕೊಟ್ಟುಬಿಡೋದಾ ಮೇಡಂ?" ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಆ ಹುಡುಗಿ ಕವೇಜಾ. ಅವತ್ತು ಮಿದೇವಾ ಅವಳನ್ನು ನಿಲ್ಲಿಸಿ, ನಗು ತಡೆದುಕೊಳ್ಳುವುದೂ ನಡತೆಯೇ ಎಂದು ಹೇಳಿದ್ದಳು. ಮನೆಗೆ ಹೋಗಿ ಒಬ್ಬಳೇ ಚಹಾ ಕುಡಿಯುವಾಗ ತಾನೇ ನಕ್ಕಿದ್ದಳು. ನಿನ್ನೆ ಆ ಮಾತನ್ನೇ ಯಾರೋ ನೆನಪಿಟ್ಟುಕೊಂಡು ಮುಖ್ಯೋಪಾಧ್ಯಾಯಿನಿಗೆ ಹೇಳಿದ್ದರು. ಸಾಕ್ಷಿಗೆ ಅಷ್ಟು ಸಾಕಾಯಿತು.

ನಿನ್ನೆ ಸುತ್ತಲಿನ ಶಾಲೆಗಳ ಸಮಿತಿಯ ಅಧ್ಯಕ್ಷ ಮ್ಜೀ ಚಾಹಿಲು ಬಂದಿದ್ದರು. ಎಲ್ಲ ಶಾಲೆಗಳಲ್ಲಿ ಒಳ್ಳೆಯ ನಡತೆಯ ಶಾಲೆ ಎಂದು ಒಂದು ಮರದ ಫಲಕ ಕೊಡುವವರಿದ್ದರು. ಮ್ಜೀ ಎಂದು ಕರೆಸಿಕೊಳ್ಳುವ ಹಿರಿಯರು, ಚರ್ಚಿನಲ್ಲಿ ಮುಂದಿನ ಸಾಲಿನವರು, ಅವರಿಗೆ ಊಟವಾಗಬೇಕಿತ್ತು. ಅಡುಗೆಗೆ ಕವೇಜಾಳನ್ನು ಆರಿಸಿದವಳು ಮಿದೇವಾ. ಕೈ ಚುರುಕು ಎಂದು, ಮತ್ತು ಆ ನಗುವಿಗಾಗಿ ಬೈದದ್ದು ಮನಸ್ಸಿನಲ್ಲಿ ಉಳಿದಿತ್ತು ಎಂದು. ಇದ್ದಿಲ ಒಲೆಯ ಮೇಲೆ ಕೋಳಿ ಕುದಿಯುತ್ತಿತ್ತು. ಕೈತೊಳೆಯುವ ನೀರು ತರಲು ಹುಡುಗಿ ಜಗ್ಗು ಹಿಡಿದು ಹೊರಗೆ ಹೋದಳು. "ಉಪ್ಪು ನೋಡಬೇಕು" ಎಂದಳು ಮಿದೇವಾ. ಯಾರಿಗೆ ಹೇಳಿದಳು? ಕೋಣೆಯಲ್ಲಿ ಯಾರೂ ಇರಲಿಲ್ಲ. ಮುಚ್ಚಳ ತೆಗೆದಳು. ಹಬೆ ಮುಖಕ್ಕೆ ಬಡಿದು ಕನ್ನಡಕ ಮಂಜಾಯಿತು. ಮಂಜಿನೊಳಗಿಂದ ಅದು ಮೆಲ್ಲಗೆ ಮೇಲೆ ಬಂತು, ಕಪ್ಪಗೆ, ಮಡಚಿದ ಮಗುವಿನ ಮುಷ್ಟಿಯ ಹಾಗೆ. ಅವಳಿಗೆ ಏಳು ವರ್ಷವಿದ್ದಾಗ ಅಪ್ಪನ ಮುಂದೆ ಬಟ್ಟಲು ಇಟ್ಟು ಮೊಣಕಾಲೂರಿ ಕೂತು ನೋಡುತ್ತಿದ್ದಳು: ಅಪ್ಪ ಅದನ್ನು ಕೊನೆಗೆ ತಿನ್ನುವುದು, ಕಣ್ಣು ಅರ್ಧ ಮುಚ್ಚಿ ಅಗಿಯುವುದು, ಅಗಿಯುವಾಗ ಕಿವಿಯ ಹತ್ತಿರದ ಎಲುಬು ಮೇಲೆ ಕೆಳಗೆ ಓಡಾಡುವುದು. ಅದರ ರುಚಿ ಏನಿದ್ದೀತು ಎಂದು ಅಮ್ಮನನ್ನು ಕೇಳಿದಾಗ ಅಮ್ಮ, "ನಂಗೇನು ಗೊತ್ತು?" ಎಂದಿದ್ದಳು, ಆ ಮಾತಿನಲ್ಲಿ ಬೇಸರವೂ ಇರಲಿಲ್ಲ. ಅಪ್ಪ ಸತ್ತ ವರ್ಷ ಅವಳಿಗೆ ಹದಿನೈದು. ನಲವತ್ತನೆಯ ದಿನದ ಊಟಕ್ಕೆ ಅವಳೇ ಕೋಳಿ ಕೊಯ್ದು, ಅವಳೇ ಸುಲಿದು, ಅವಳೇ ಬೇಯಿಸಿ ತಂದಿದ್ದಳು. ಚಿಕ್ಕಪ್ಪ ಬಟ್ಟಲನ್ನು ಒಂಬತ್ತು ವರ್ಷದ ತಮ್ಮ ಕಿಸಿಯಾನ ಮುಂದೆ ಸರಿಸಿದ್ದ. ಕಿಸಿಯಾ ಒಮ್ಮೆ ಕಚ್ಚಿ, "ಥೂ, ರಬ್ಬರು" ಎಂದು ಉಗುಳಿದ್ದ. ನಾಯಿ ತಿಂದಿತು. ನಾಯಿ ತಿನ್ನುವುದನ್ನು ಅವಳು ಮೊಣಕಾಲೂರಿಕೊಂಡೇ ನೋಡಿದಳು.

ಚಮಚ ಕೆಳಗೆ ಹೋಯಿತು. ಅವಳು ನಿರ್ಧರಿಸಲಿಲ್ಲ; ನಿರ್ಧರಿಸಿದ್ದರೆ ನಿಲ್ಲಿಸಬಹುದಿತ್ತು. ಅದು ಬಾಯಿಯೊಳಗಿತ್ತು. ಸುಡುತ್ತಿತ್ತು. ಬಿಸಿತುಪ್ಪದ ಗಾದೆಯನ್ನು ಅವಳು ಮಕ್ಕಳಿಗೆ ಹೇಳಬಹುದಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ನಲವತ್ತು ವರ್ಷ ಅವಳು ಊಹಿಸಿದ ರುಚಿ ಅದಕ್ಕಿರಲಿಲ್ಲ. ತುಸು ಕಹಿ, ಗಟ್ಟಿ. ಚೀಲದ ಒಳಮಡಿಕೆಯಲ್ಲಿ ಉಳಿದಿದ್ದ ಮರಳು ಹಲ್ಲಿನಡಿ ಕರಕರ ಎಂದಿತು. ಆದರೆ ಅಗಿಯುವಾಗ ಕಿವಿಯ ಹತ್ತಿರದ ಎಲುಬು ಮೇಲೆ ಕೆಳಗೆ ಓಡಾಡಿತು, ಅಪ್ಪನದರ ಹಾಗೆ. ಮತ್ತು ಅದು, ಅದೊಂದೇ, ಸುಖವಾಗಿತ್ತು. ಆಗ ಹಿಂದಿನಿಂದ, "ಉಪ್ಪು ಸರಿ ಇದೆಯಾ ಮೇಡಂ?" ಎಂದು ಕೇಳಿತು. ಕವೇಜಾ ಬಾಗಿಲಲ್ಲಿ ಜಗ್ಗು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ? ಮಿದೇವಾ ತಿರುಗದೆ, ಬಾಯಿ ಮುಚ್ಚಿಕೊಂಡೇ, "ಹ್ಞೂಂ" ಎಂದಳು. ಮುಚ್ಚಳ ಮುಚ್ಚಿದಳು. ಹುಡುಗಿ ಜಗ್ಗನ್ನು ಒಲೆಯ ಪಕ್ಕ ಇಟ್ಟಳು.

ಊಟದ ಮೇಜಿನಲ್ಲಿ ಮ್ಜೀ ಚಾಹಿಲು ಬಟ್ಟಲಿನ ಮುಚ್ಚಳ ತೆಗೆದು ಚಮಚದಿಂದ ತುಂಡುಗಳನ್ನು ಸರಿಸಿದರು. ಕುತ್ತಿಗೆ, ರೆಕ್ಕೆ, ತೊಡೆ. ಮತ್ತೆ ಮೊದಲಿನಿಂದ ಸರಿಸಿದರು, ಕನ್ನಡಕ ಹುಡುಕುವವರ ಹಾಗೆ, ಅವಸರವಿಲ್ಲದೆ. "ಪಾಪ, ಈ ಕೋಳಿಗೆ ಹೊಟ್ಟೆ ಇರಲಿಲ್ಲ ಅಂತ ಕಾಣುತ್ತೆ" ಎಂದರು ಮೆಲ್ಲಗೆ. ಒಣಗಿದ್ದ ಕೈಗಳನ್ನೇ ಇನ್ನೊಮ್ಮೆ ತೊಳೆಸಿಕೊಂಡು, ಟೋಪಿ ಹಾಕಿಕೊಂಡು, ಫಲಕವನ್ನು ಕಂಕುಳಲ್ಲಿಟ್ಟುಕೊಂಡು ಕಾರು ಹತ್ತಿದರು. ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು, "ಹೊಟ್ಟೆ ಇಲ್ಲದ ಕೋಳಿ ತಳಿ ಸಿಕ್ಕಿದ್ರೆ ನಂಗೂ ಎರಡು ಕೊಡ್ರಪ್ಪ, ಕಾಳು ಉಳಿಯುತ್ತೆ" ಎಂದ. ಕವೇಜಾಳನ್ನು ನಡುವೆ ನಿಲ್ಲಿಸಿ ಅಲಿವಿಜಾ ವಿಚಾರಿಸುತ್ತಿದ್ದರು.

"ನಾನು ತಿಂದಿಲ್ಲ ಮೇಡಂ."

"ಮತ್ತೆ ಯಾರು ತಿಂದ್ರು? ಹಾರಿಹೋಯ್ತಾ? ಅಡುಗೆಮನೇಲಿ ಯಾರ್‍ಯಾರಿದ್ರು?"

ಕವೇಜಾ ನೆಲ ನೋಡಿದಳು. ನೆಲದ ಸಿಮೆಂಟಿನಲ್ಲಿ ಒಂದು ಬಿರುಕಿತ್ತು. ಅದರ ಒಂದು ತುದಿ ಹುಡುಗಿಯ ಕಾಲ ಬಳಿ, ಇನ್ನೊಂದು ತುದಿ ಮಿದೇವಾಳ ಕುರ್ಚಿಯ ಬಳಿ.

"ನೀನಿದ್ದೆ, ಮಿದೇವಾ ಮೇಡಂ ಇದ್ರು" ಎಂದರು ಅಲಿವಿಜಾ. "ಹಾಗಾದ್ರೆ ಮಿದೇವಾ ಮೇಡಂ ತಿಂದ್ರು ಅನ್ನು!"

ಎಲ್ಲರೂ ನಕ್ಕರು. ಗಣಿತದ ಮೇಷ್ಟ್ರು ಮೇಜು ತಟ್ಟಿದ. ಆ ನಗೆಯಲ್ಲಿ ಮಿದೇವಾಳ ಮೇಲೆ ಎಷ್ಟೊಂದು ಪ್ರೀತಿಯಿತ್ತು, ಎಷ್ಟೊಂದು ನಂಬಿಕೆಯಿತ್ತು. ಒಂದು ಬಾಗಿಲು ಅವಳಿಗೆಂದೇ ತೆರೆದುಕೊಂಡು, ಅವಳು ಏಳುವುದರೊಳಗೆ ಮುಚ್ಚಿಕೊಂಡಿತು. ಮತ್ತು ಅವಳೂ ನಕ್ಕಳು. ತಾನು ನಗುತ್ತಿರುವುದು ತನ್ನ ಕಿವಿಗೇ ಕೇಳಿಸಿತು. ಹುಡುಗಿ ತಲೆಯೆತ್ತಿ ಆ ನಗೆಯನ್ನು ನೋಡಿದಳು. ಹಿರಿಯರ ಹರಿದ ಬಟ್ಟೆಯನ್ನು ಬೆರಳು ಮಾಡಿ ತೋರಿಸಬಾರದು; ಇದೂ ಮಿದೇವಾಳದೇ ಪಾಠ, ಹೋದ ವರ್ಷದ್ದು.

ಶಿಕ್ಷೆ: ಎರಡು ವಾರ ಮನೆ, ಅಪ್ಪನಿಗೆ ಕಾಗದ. ಕವೇಜಾಗೆ ಇದು ಎರಡನೆಯ ಕಾಗದ. ಮೊದಲನೆಯದು ಪ್ರಾರ್ಥನೆಯಲ್ಲಿ ನಕ್ಕದ್ದಕ್ಕೆ, ಅವತ್ತೇ ಅವಳಪ್ಪ ಶಾಲೆಯ ಅಂಗಳದಲ್ಲಿ ನಿಂತು, ಎಲ್ಲರೂ ಕೇಳುವ ಹಾಗೆ, "ಇನ್ನೊಂದು ಕಾಗದ ಬಂದ್ರೆ ನಾಂದಿ ಬೆಟ್ಟದ ಚಹಾ ತೋಟ. ಬುಟ್ಟಿ ತಯಾರಿದೆ" ಎಂದು ಹೇಳಿಹೋಗಿದ್ದ. ಅಳತೆ ತಪ್ಪಿ ಮಾತಾಡುವ ಮನುಷ್ಯನಲ್ಲ. ಸಂಜೆ ಐದಕ್ಕೆ ಮಿದೇವಾ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋದಳು. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಹಿಡಿದುಕೊಂಡು ಹೋದಳು, ತುಂಬಿದ ಬಟ್ಟಲು ಹಿಡಿದವಳ ಹಾಗೆ. ಬಾಗಿಲು ದಾಟುವಾಗ ಅರ್ಧ ಚೆಲ್ಲಿಹೋಯಿತು.

"ಅದನ್ನ... ನಾನೇ ತಿಂದೆ ಅಂತ ಇಟ್ಕೊಳ್ಳಿ ಮೇಡಂ."

"ಇಟ್ಕೊಳ್ಳಿ ಅಂದ್ರೆ?"

"ಅಂದ್ರೆ... ನಾನೇ ತಿಂದೆ."

ಅಲಿವಿಜಾ ಪೆನ್ನು ಕೆಳಗಿಟ್ಟರು. ಅವಳ ಮುಖ ನೋಡಿದರು. ಅವರ ಕಣ್ಣು ತೇವವಾಗಿತ್ತು. "ನೀವು ಇದನ್ನೇ ಮಾಡ್ತೀರಿ ಅಂತ ನಂಗೆ ಗೊತ್ತಿತ್ತು. ಮಧ್ಯಾಹ್ನದಿಂದ ಕಾಯ್ತಿದ್ದೆ, ಈಗ ಬರ್ತಾರೆ, ಈಗ ಬರ್ತಾರೆ ಅಂತ. ಆ ಹುಡುಗಿಗೋಸ್ಕರ ನೀವು ಸುಳ್ಳು ಹೇಳ್ತೀರಲ್ಲ ಮಿದೇವಾ, ಅದಕ್ಕಾದ್ರೂ ಅವಳು ನಾಚ್ಕೋಬೇಕು." "ಸುಳ್ಳಲ್ಲ ಮೇಡಂ." "ಆಯ್ತಮ್ಮ, ಆಯ್ತು." ಅವಳ ಕೈ ಹಿಡಿದು ತಟ್ಟಿದರು. ಇನ್ನೊಂದು ಸಲ ಹೇಳಬಹುದಿತ್ತು. ಗಟ್ಟಿಯಾಗಿ, ಕಿರುಚಿ ಹೇಳಬಹುದಿತ್ತು; ಮರಳಿನ ಮಾತು ಹೇಳಬಹುದಿತ್ತು, ಬೆಂದ ನಾಲಿಗೆ ತೋರಿಸಬಹುದಿತ್ತು. ಆದರೆ ಅವಳು ಆ ಕ್ಷಣ ತನ್ನೊಳಗೆ ಕಂಡದ್ದು, ಆಮೇಲೆ ರಾತ್ರಿಯಿಡೀ ಮತ್ತೆ ಮತ್ತೆ ಕಂಡದ್ದು, ಒಂದು ಸಣ್ಣ ನಿರಾಳ. ಹೇಳಿಯೂ ಆಯಿತು, ಸಿಕ್ಕಿಬೀಳಲೂ ಇಲ್ಲ. ನಂಬಬಾರದ ಧ್ವನಿಯಲ್ಲಿಯೇ ತಾನು ಹೇಳಿದೆನೇ? ಇಷ್ಟು ವರ್ಷ ಒಳ್ಳೆಯವಳಾಗಿ ಕಟ್ಟಿದ ಗೋಡೆಗೆ ಒಳಗಿನಿಂದ ಬಾಗಿಲಿಲ್ಲ ಎಂದು ಅವಳಿಗೆ ಗೊತ್ತಿದ್ದೇ ಹೇಳಿದಳೇ?

"ಒಂದು ಕೆಲಸ ಮಾಡಿ" ಎಂದಿದ್ದರು ಅಲಿವಿಜಾ. "ನಾಳೆ ಅವಳನ್ನ ನೀವೇ ಮನೆ ಮುಟ್ಟಿಸಿ. ಅಪ್ಪ ಒರಟ. ನಡತೆ ವಿಷಯ ನೀವು ಹೇಳಿದ್ರೆ ಕೇಳ್ತಾನೆ."

ಚಪ್ಪಾಳೆ ಮುಗಿದ ಮೇಲೆ ಹತ್ತಿದ ಮಟಾಟು ವ್ಯಾನಿನಲ್ಲಿ ಹದಿನಾಲ್ಕು ಸೀಟಿಗೆ ಇಪ್ಪತ್ತು ಜನ. ಪೆಟ್ಟಿಗೆಯನ್ನು ಇಬ್ಬರ ತೊಡೆಯ ಮೇಲೂ ಅಡ್ಡ ಇಟ್ಟುಕೊಂಡು ಕೂತಿದ್ದರು. ಎದ್ದೇಳಲು, ಕಾಲು ಚಾಚಲು, ಮುಖ ತಿರುಗಿಸಲು ಆಗದ ಹಾಗೆ. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರು ಇನ್ನೊಬ್ಬ ಮುದುಕಿಯನ್ನು ಒಳಗೆ ತಳ್ಳುತ್ತ, "ಮೇಡಂ, ಸ್ವಲ್ಪ ಸರೀರಿ. ದೇವರು ಎಲ್ಲರಿಗೂ ಎರಡೆರಡು ಕುಂಡಿ ಕೊಟ್ಟಿದಾನೆ, ನನ್ನ ಗಾಡೀಲಿ ಒಂದೊಂದೇ ಕೂರಿಸ್ಬೇಕು" ಎಂದ. ಕವೇಜಾಗೆ ನಗು ಬಂತು. ಬಂದದ್ದನ್ನು ತುಟಿ ಕಚ್ಚಿ ತಡೆದಳು. ತಡೆದದ್ದು ತನ್ನ ಪಾಠದಿಂದಲೇ ಎಂದು ಮಿದೇವಾಗೆ ಅನಿಸಿ, ನಗು ಹುಡುಗಿ, ನಕ್ಕುಬಿಡು ಎಂದು ಹೇಳಬೇಕೆನಿಸಿತು. ಹೊರಗೆ ರಸ್ತೆಯ ಬದಿಯಲ್ಲಿ ಹೆಂಗಸರು ಬಂಡೆ ಒಡೆದ ಜಲ್ಲಿಯನ್ನು ಗುಡ್ಡೆಗುಡ್ಡೆಯಾಗಿ ಇಟ್ಟುಕೊಂಡು ಕೂತಿದ್ದರು.

"ಮೇಡಂ" ಎಂದಳು ಕವೇಜಾ, ಮುಂದೆ ನೋಡುತ್ತಲೇ. "ನೀವು ಆಫೀಸಲ್ಲಿ ಹಾಗೆ ಹೇಳಿದ್ರಂತೆ."

"ಹ್ಞೂಂ."

"ನನಗೋಸ್ಕರ ನೀವು ಸುಳ್ಳು ಹೇಳಬಾರದಿತ್ತು."

ಮಿದೇವಾ ಹುಡುಗಿಯ ಕೆನ್ನೆಯನ್ನು ನೋಡಿದಳು. ಅಷ್ಟು ಹತ್ತಿರದಿಂದ ಮುಖ ಕಾಣುವುದಿಲ್ಲ, ಚರ್ಮ ಮಾತ್ರ ಕಾಣುತ್ತದೆ. ಮಾತು ಮಗುವಿನದೋ, ಚಾಕುವಿನದೋ, ಚರ್ಮದಿಂದ ತಿಳಿಯುವುದಿಲ್ಲ. "ಅದು ಸುಳ್ಳಲ್ಲ" ಎನ್ನಲು ಬಾಯಿ ತೆರೆದಳು, ಅಷ್ಟರಲ್ಲಿ ಪಕ್ಕದ ಮುದುಕಿ, "ಯಾವ ಶಾಲೆ ಮೇಡಂ? ಎಷ್ಟು ಚೆನ್ನಾಗಿ ಬೆಳೆಸಿದೀರಿ, ಹಿರಿಯರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲ್ಲ ಹುಡುಗಿ" ಎಂದಳು. ಗಾಡಿ ನಿಂತಿತು. ಇಳಿಯಬೇಕಾದ ಜಾಗ ಬಂದಿತ್ತು.

ಕವೇಜಾಳ ಅಪ್ಪ ಆಸಾವಾ ಮನೆಯ ಪಕ್ಕದಲ್ಲೇ ಜಲ್ಲಿ ಒಡೆಯುತ್ತಿದ್ದ. ಸುತ್ತಿಗೆ ಕೆಳಗಿಟ್ಟು, ಪೆಟ್ಟಿಗೆ ನೋಡಿದ, ಮಗಳನ್ನು ನೋಡಲಿಲ್ಲ. ಕಾಗದ ತೆಗೆದುಕೊಂಡು ನಿಂತಲ್ಲೇ ಓದಿದ, ಅಕ್ಷರ ಅಕ್ಷರಕ್ಕೂ ತುಟಿ ಆಡಿಸುತ್ತ. ಮಡಚಿ ಅಂಗಿಯ ಜೇಬಿಗೆ ಹಾಕಿದ. "ಕೂತ್ಕೊಳ್ಳಿ ಟೀಚರ್. ಮೊದಲು ಊಟ. ಮನೆಗೆ ಬಂದವರನ್ನ ಹಾಗೇ ಕಳಿಸೋ ವಂಶ ಅಲ್ಲ ನಮ್ದು, ಕಾಗದದಲ್ಲಿ ಏನೇ ಇರ್ಲಿ." ಅಂಗಳದಲ್ಲಿ ಮೇಯುತ್ತಿದ್ದ ಕೆಂಪು ಹುಂಜವನ್ನು ಬೆರಳಿನಿಂದ ತೋರಿಸಿದ. ಅವನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದ್ದಾಗ, "ನೀನಲ್ಲ" ಎಂದ. "ಅವಳು ಮಾಡ್ಲಿ. ಟೀಚರ್ ನೋಡ್ಲಿ."

"ಅವಳು ತಿಂದಿಲ್ಲ" ಎಂದಳು ಮಿದೇವಾ. ಧ್ವನಿ ಈ ಸಲ ಒಡೆಯಲಿಲ್ಲ, ತನಗೇ ಆಶ್ಚರ್ಯವಾಯಿತು. "ಕೇಳಿ ಇಲ್ಲಿ. ನಾನು ತಿಂದೆ. ಉಪ್ಪು ನೋಡೋಕೆ ಹೋಗಿ ನಾನೇ ತಿಂದೆ."

ಆಸಾವಾ ಮೊದಲ ಬಾರಿಗೆ ನಕ್ಕ. ಜೇಬು ತಟ್ಟಿಕೊಂಡ. "ನೀವು ಹೀಗೆ ಹೇಳ್ತೀರಿ ಅಂತ ಇದರಲ್ಲೇ ಬರ್ದಿದಾರೆ. ಟೀಚರ್ ಒಳ್ಳೆಯವರು, ತಪ್ಪನ್ನ ತಮ್ಮ ಮೇಲೆ ಹಾಕ್ಕೊಳ್ತಾರೆ, ನಂಬಬೇಡಿ ಅಂತ. ನನ್ನ ಮಗಳ ಹೊಟ್ಟೆ ನಂಗೆ ಗೊತ್ತು ಟೀಚರ್. ನೀವು ದೊಡ್ಡವರು. ಕೂತ್ಕೊಳ್ಳಿ."

ಕೂತಳು. ಅವಳ ಕುರ್ಚಿ ಬಾಗಿಲಿಗೆದುರು. ಅಂಗಳದ ಆಚೆ ಬೇರೆಯಾಗಿ ನಿಂತ ಅಡುಗೆಗುಡಿಸಲು. ಅದರ ಸೂರಿನಿಂದ ಹೊಗೆ. ಹುಂಜ ಒಮ್ಮೆ ಕೂಗಿತು, ಆಮೇಲೆ ಕೂಗಲಿಲ್ಲ. ಬಿಸಿನೀರಿನಲ್ಲಿ ಅದ್ದಿದ ಗರಿಯ ವಾಸನೆ ಬಂತು. ಗೋಡೆಯ ಮೇಲೆ ಒಂದು ಹೊಸ ಬುಟ್ಟಿ ನೇತುಹಾಕಿತ್ತು, ಬೆನ್ನಿಗೆ ಕಟ್ಟುವ ಪಟ್ಟಿಯ ಸಮೇತ. ಚಹಾ ಎಲೆ ಕೀಳುವ ಬುಟ್ಟಿ. ತಯಾರಿದೆ ಎಂದಿದ್ದನಲ್ಲ. ಅವಳು ಅಂಗಳವನ್ನು ಕಣ್ಣಿನಿಂದ ಅಳೆದಳು. ಹತ್ತು ಹೆಜ್ಜೆ. ಎಲ್ಲ ಮನೆಗಳಲ್ಲೂ ಯಾಕೆ ಹತ್ತೇ ಹೆಜ್ಜೆ ಇರುತ್ತದೆ? ತಾನು ಹತ್ತು ವರ್ಷ ಕಲಿಸಿದ್ದು ಏನನ್ನು? ಯಾರೂ ನೋಡದಾಗ ಕದಿಯದಿರುವುದನ್ನೋ, ಯಾರ ಮುಂದೆ ಯಾರು ಮೊಣಕಾಲೂರಬೇಕು ಎಂಬುದನ್ನೋ? ಎರಡೂ ಒಂದೇ ಬಟ್ಟಲಿನಲ್ಲಿ ಬೆಂದು ಬಂದವು, ಬೇರೆ ಮಾಡಲು ಅವಳಿಗೆ ಯಾವ ಸಂಜೆ ಕಾಲೇಜಿನಲ್ಲೂ ಹೇಳಿಕೊಡಲಿಲ್ಲ. ಎದ್ದು ಓಡಿಹೋಗಬಹುದು. ಓಡಿದರೆ ಅದನ್ನೂ ಒಳ್ಳೆಯತನಕ್ಕೇ ಸೇರಿಸುತ್ತಾರೆ: ಪಾಪ, ಹುಡುಗಿಯ ಕಷ್ಟ ನೋಡಲಾರದೆ ಹೋದರು ಎನ್ನುತ್ತಾರೆ.

ಕವೇಜಾ ಬಂದಳು. ಬಟ್ಟಲು ಎರಡೂ ಕೈಯಲ್ಲಿ. ಆಸಾವಾ ಮಗಳ ಕಾಲುಗಳನ್ನೇ ನೋಡುತ್ತಿದ್ದ. ಹುಡುಗಿ ನಡುವೆ ನಿಲ್ಲಲಿಲ್ಲ, ಅವಸರಿಸಲಿಲ್ಲ. ಬಂದು ಮೊಣಕಾಲೂರಿ ಬಟ್ಟಲನ್ನು ಅಪ್ಪನ ಮುಂದೆ ಇಟ್ಟಳು. ತುಂಡುಗಳ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಇಮೊಂಡೊ ಇತ್ತು.

"ನೋಡಿದ್ರಾ ಟೀಚರ್?" ಎಂದ ಆಸಾವಾ. "ಇಲ್ಲಿ ಕಳೆದುಹೋಗ್ಲಿಲ್ಲ. ನಿಮ್ಮ ಶಾಲೆ ದಾರೀಲಿ ಮಾತ್ರ ಕಳೆಯುತ್ತೆ. ಅಂದ್ಮೇಲೆ ಅಂಥ ದಾರಿ ಇವಳಿಗೆ ಬೇಡ. ತೋಟದಲ್ಲಿ ಕೋಳಿ ಬಡಿಸೋದಿರಲ್ಲ." ತಾಯಿ ಬಾಗಿಲ ಹತ್ತಿರ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಕವೇಜಾ ಜಗ್ಗು, ಬೋಗುಣಿ ತಂದು ಮೊದಲು ಅಪ್ಪನ ಕೈಗೆ, ಆಮೇಲೆ ಮಿದೇವಾಳ ಕೈಗೆ ನೀರು ಹೊಯ್ದಳು. ನೀರು ಬೆಚ್ಚಗಿತ್ತು. ಬಾಗಿದ ತಲೆಯನ್ನು ಎತ್ತದೆಯೇ, ಮನೆಗೆ ಬಂದ ಯಾರಿಗಾದರೂ ಅಡುಗೆ ಮಾಡಿದವರು ಕೇಳುವ ಹಾಗೆ, ಕೇಳಿದಳು:

"ಉಪ್ಪು ಸರಿ ಇದೆಯಾ ನೋಡಿ ಮೇಡಂ."

ಮಿದೇವಾಳ ಕೈ ಇನ್ನೂ ಒದ್ದೆಯಾಗಿತ್ತು. ಅದು ಬೋಗುಣಿಯ ಮೇಲಿಂದ ಸರಿದು, ಆಸಾವಾನ ಬಟ್ಟಲಿನ ಮೇಲೆ ಬಂದು, ಇಮೊಂಡೊವನ್ನು ಎತ್ತಿಕೊಂಡಿತು. ಆಸಾವಾನ ಕೈ ಉಗಾಲಿ ಮುದ್ದೆಯ ಮೇಲೆ ಹಾಗೇ ನಿಂತಿತು. ತಾಯಿ "ಅಯ್ಯೋ" ಎಂದಳೋ ಏನೋ. ಮಿದೇವಾ ಅದನ್ನು ಇಡಿಯಾಗಿ ಬಾಯಿಗಿಟ್ಟುಕೊಂಡು ಅಗಿದಳು. ಕಣ್ಣು ಮುಚ್ಚಲಿಲ್ಲ, ಬಾಗಿಲ ಕಡೆ ತಿರುಗಲಿಲ್ಲ, ಎಲ್ಲರ ಮುಂದೆ, ಹಗಲಿನಲ್ಲಿ. ಅಗಿಯಲು ಬಹಳ ಹೊತ್ತು ಬೇಕು. ಇದು ಹುಡುಗಿಗಾಗಿ ಮಾಡುತ್ತಿರುವುದೋ, ಮತ್ತೆ ತಿನ್ನಬೇಕೆನಿಸಿ ತಿನ್ನುತ್ತಿರುವುದೋ ಎಂಬ ಯೋಚನೆ ಬಂತು. ಕಿವಿಯ ಹತ್ತಿರದ ಎಲುಬು ಓಡಾಡುತ್ತಿತ್ತು, ಅದು ಇವತ್ತೂ ಸುಖವಾಗಿಯೇ ಇತ್ತು, ನಾಚಿಕೆ ಆ ಸುಖದ ಪಕ್ಕದಲ್ಲೇ ಕೂತಿತ್ತು. ನುಂಗಿದಳು.

"ಉಪ್ಪು ಸರಿ ಇದೆ" ಎಂದಳು. "ನಿನ್ನೆಯದರಲ್ಲಿ ಮರಳಿತ್ತು. ಒಳಮಡಿಕೆಯಲ್ಲಿ. ಇದರಲ್ಲಿ ಇಲ್ಲ."

ಆಸಾವಾ ಅವಳನ್ನು ನೋಡಿದ. ತಿಂದವರಿಗೆ ಮಾತ್ರ ಗೊತ್ತಿರುವ ಮಾತಾಡಿದ ಅವಳ ಬಾಯಿಯನ್ನು ನೋಡಿದ. ನಿಧಾನವಾಗಿ ಮಗಳ ಕಡೆ ತಿರುಗಿದ. "ನಿನ್ನೆ ಸರಿಯಾಗಿ ತೊಳ್ದಿರಲಿಲ್ವಾ?"

"ಶಾಲೆ ಚಾಕು ಮೊಂಡು ಅಪ್ಪ. ಒಳಗಿನ ಸಿಪ್ಪೆ ಪೂರ್ತಿ ಬರ್ಲಿಲ್ಲ. ಒಂದು ಕಡೆ ಉಳ್ಕೊಂಡಿತ್ತು."

ಅಂಗಳದಲ್ಲಿ ಉಳಿದ ಕೋಳಿಗಳು ಹುಂಜದ ಗರಿಗಳ ನಡುವೆ ಕೆದಕುತ್ತಿದ್ದವು. ಆಸಾವಾ ಬಟ್ಟಲನ್ನು ದೂರ ತಳ್ಳಿದ. ಆ ಬಟ್ಟಲಿನಿಂದ ಅವನು ತಿನ್ನುವ ಹಾಗಿರಲಿಲ್ಲ. ಎದ್ದು, ಮಿದೇವಾಳ ಕಡೆ ಮತ್ತೆ ನೋಡದೆ, ಅವಳನ್ನು ಟೀಚರ್ ಎಂದೂ ಕರೆಯದೆ, ಹೊಸ್ತಿಲ ಹತ್ತಿರ ಹೋಗಿ ಅಲ್ಲಿಂದ ಹೇಳಿದ: "ಕವೇಜಾ. ಪೆಟ್ಟಿಗೆ ಬಿಚ್ಚಬೇಡ. ನಾಳೆ ನಾನೇ ಬರ್ತೀನಿ ಶಾಲೆಗೆ. ಇದನ್ನ ಅಲ್ಲಿ ನಾನೇ ಹೇಳ್ತೀನಿ." ಸ್ವಲ್ಪ ಹೊತ್ತಿಗೆ ಕಲ್ಲಿನ ಮೇಲೆ ಸುತ್ತಿಗೆ ಬೀಳುವ ಸದ್ದು ಶುರುವಾಯಿತು. ಮಿದೇವಾ ಕುರ್ಚಿಯಲ್ಲೇ ಕೂತಿದ್ದಳು. ಹುಡುಗಿ ಬಂದು ಬೋಗುಣಿಯ ನೀರನ್ನು ಅಂಗಳಕ್ಕೆ ಚೆಲ್ಲಿದಳು, ಹೊಸ ನೀರು ತಂದಳು, ಅವಳ ಕೈಗೆ ಮತ್ತೆ ಹೊಯ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅವತ್ತು ಅಡುಗೆಮನೆಯ ಬಾಗಿಲಲ್ಲಿ ಜಗ್ಗು ಹಿಡಿದು ನಿಂತಾಗ ಕವೇಜಾ ನೋಡಿದ್ದಳೋ ಇಲ್ಲವೋ, ಮಿದೇವಾ ಕೇಳಲಿಲ್ಲ. ಹುಡುಗಿಯೂ ಹೇಳಲಿಲ್ಲ. ನಾನು ಇಬ್ಬರನ್ನೂ ಬಲ್ಲೆ. ಆದರೂ ನನಗೆ ಗೊತ್ತಿಲ್ಲ.